ಮುಖ ನೀರಿನಲ್ಲಿ, ಉಸಿರು ಕೊಳವೆಯಲ್ಲಿ: ಅಂಡಮಾನಿಗೆ ಹೊರಟವರಿಗೆ ಸ್ನಾರ್ಕೆಲಿಂಗ್ ಪಾಠ

ಅಂಡಮಾನಿಗೆ ಟಿಕೆಟ್ ಕಾಯ್ದಿರಿಸಿದವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಮೂರೇ. ‘ಈಜು ಬರುವುದಿಲ್ಲ, ಸ್ನಾರ್ಕೆಲಿಂಗ್ ಮಾಡಬಹುದೇ?’ ಎಂಬುದು ಮೊದಲನೆಯದು. ‘ಕನ್ನಡಕ ಇಲ್ಲದಿದ್ದರೆ ಏನೂ ಕಾಣದು, ಏನು ಮಾಡಲಿ?’ ಎಂಬುದು ಎರಡನೆಯದು. ಮೂರನೆಯದು ಹೋಗಿ ಬಂದವರ ಅಳಲು: ‘ಹದಿನೈದು ನಿಮಿಷ ಎಳೆದುಕೊಂಡು ಹೋದರು, ಬಾಯಿತುಂಬ ಉಪ್ಪುನೀರು ಕುಡಿದದ್ದೇ ಬಂತು. ಎಲ್ಲಿ ತಪ್ಪಿದೆ?’ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಶಬ್ದದ ಅರ್ಥ. ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿಕೊಂಡು, ಬಾಯಿಯಲ್ಲಿ ಕೊಳವೆ ಕಚ್ಚಿಕೊಂಡು, ಬೋರಲಾಗಿ ನೀರಿನ ಮೇಲೆ ತೇಲುತ್ತಾ ಕೆಳಗಿರುವುದನ್ನು ನೋಡುವುದೇ ಸ್ನಾರ್ಕೆಲಿಂಗ್. ಆ ಕೊಳವೆಯ ಹೆಸರೇ ಸ್ನಾರ್ಕೆಲ್. ಸ್ಕೂಬಾ ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದು, ಅದರ ದಾರಿಯೇ ಬೇರೆ. ಸ್ಕೂಬಾ ಮಾಡಿದವರು ಕನಿಷ್ಠ 12ರಿಂದ 18 ಗಂಟೆ ವಿಮಾನ ಹತ್ತಬಾರದು. ಎಷ್ಟೋ ಕಡೆ 24 ಗಂಟೆ ಎನ್ನುತ್ತಾರೆ. ಸ್ನಾರ್ಕೆಲಿಂಗ್‌ಗೆ ಆ ಕಟ್ಟುಪಾಡು ಇಲ್ಲ, ಹೊರಡುವ ದಿನದ ಬೆಳಗ್ಗೆಯೂ ಮಾಡಬಹುದು.

ಈಜು ಬಾರದವರು ಮಾಡಬಹುದೇ? ಮಾಡಬಹುದು, ಮೂರು ಷರತ್ತುಗಳ ಮೇಲೆ: ಮೈಮೇಲೆ ಲೈಫ್ ಜಾಕೆಟ್ ಇರಬೇಕು, ನೀರು ಎದೆಮಟ್ಟ ದಾಟಬಾರದು, ಗೈಡ್ ಕೈಗೆಟುಕುವ ದೂರದಲ್ಲಿರಬೇಕು. ಹಾಗೆ ನೋಡಿದರೆ, ಚೆನ್ನಾಗಿ ಈಜುವವರೂ ಮೊದಲ ದಿನ ತಡಬಡಾಯಿಸುತ್ತಾರೆ. ಅವರನ್ನು ಕೆಡಿಸುವುದು ಕೈಕಾಲಲ್ಲ, ಉಸಿರು. ಮೂಗು ಮುಚ್ಚಿಕೊಂಡು ಬಾಯಿಯಿಂದಲೇ ಉಸಿರಾಡುವುದು ನಮಗೆ ನೆಗಡಿ ಬಂದಾಗ ಮಾತ್ರ ರೂಢಿ. ಅದನ್ನು ಮುಖ ನೀರಿನೊಳಗಿಟ್ಟು ಮಾಡು ಎಂದರೆ ದೇಹ ಗಾಬರಿ ಬೀಳುತ್ತದೆ. ದುಡ್ಡು ಕೊಟ್ಟು ಪಡೆದ ಹದಿನೈದು ನಿಮಿಷದಲ್ಲಿ ಹತ್ತು ನಿಮಿಷ ಈ ಗಾಬರಿ ಇಳಿಯಲಿಕ್ಕೇ ಹೋಗುತ್ತದೆ. ಆ ಹತ್ತು ನಿಮಿಷವನ್ನು ಮನೆಯ ಬಚ್ಚಲಲ್ಲೇ ಕಳೆದು ಹೋಗಿ ಎಂಬುದು ನನ್ನ ಮುಖ್ಯ ಒತ್ತಾಯ.

1. ಜಾಗ ಮತ್ತು ತಿಂಗಳು ಆರಿಸಿಕೊಳ್ಳಿ

ಮೊದಲ ಸಲಕ್ಕೆ ಬೇಕಾದದ್ದು ತಿಳಿನೀರು, ಸಣ್ಣ ಅಲೆ, ನಿಂತರೆ ಕಾಲಿಗೆ ಸಿಗುವ ನೆಲ. ಹ್ಯಾವ್‌ಲಾಕ್ ದ್ವೀಪದ ಎಲಿಫೆಂಟ್ ಬೀಚ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜೆಟ್ಟಿಯಿಂದ ಬೋಟಿನಲ್ಲಿ ಅರ್ಧ ಗಂಟೆಯೊಳಗೆ ಮುಟ್ಟುತ್ತೀರಿ. ಕಾಡಿನ ಕಾಲುದಾರಿಯೂ ಇದೆ. ನೀಲ್ ದ್ವೀಪದ ಭರತ್‌ಪುರ್ ಬೀಚ್ ಇನ್ನೂ ಸಮತಟ್ಟು, ಜೆಟ್ಟಿಯ ಪಕ್ಕದಲ್ಲೇ ಇದೆ. ಪೋರ್ಟ್ ಬ್ಲೇರ್ ಬಿಟ್ಟು ಹೋಗಲಾಗದವರಿಗೆ ನಾರ್ತ್ ಬೇ ಇದೆ, ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ದೃಶ್ಯ ಅದೇ. ಆದರೆ ಅಲ್ಲಿ ಜನಜಂಗುಳಿ ಹೆಚ್ಚು. ನನ್ನನ್ನು ಕೇಳಿದರೆ, ಒಂದು ದಿನ ಮಿಗುವುದಾದರೆ ಪೋರ್ಟ್ ಬ್ಲೇರ್ ಸಮೀಪದ ವಂಡೂರಿನಿಂದ ಜಾಲಿ ಬಾಯ್ ದ್ವೀಪಕ್ಕೆ ಹೋಗಿ. ಅದು 1983ರಲ್ಲಿ ಸ್ಥಾಪನೆಯಾದ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದೊಳಗಿದೆ. ಹವಳಕ್ಕೆ ವಿಶ್ರಾಂತಿ ಸಿಗಲೆಂದು ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯ ಮೇಲೆ ತೆರೆಯುತ್ತಾರೆ. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು.

ಹೆಸರಿನ ಗೊಂದಲ ಬೇಡ. 2018ರಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಗಿದೆ, ನೀಲ್ ಶಹೀದ್ ದ್ವೀಪವಾಗಿದೆ. 2024ರಿಂದ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಗಿದೆ. ಟಿಕೆಟ್ಟಿನಲ್ಲಿ ಹೊಸ ಹೆಸರು ಕಂಡರೆ ಬೇರೆ ಊರಿಗೆ ಕೊಟ್ಟುಬಿಟ್ಟರೆಂದು ಹೆದರಬೇಡಿ.

ರಾಧಾನಗರ್ ಬೀಚಿನಲ್ಲಿ ಮಾಡಬಹುದೇ ಎಂದು ತುಂಬ ಜನ ಕೇಳುತ್ತಾರೆ. ಅದು ಮರಳಿನ ತೀರ, ಅಲೆಯೂ ಇದೆ. ಸೂರ್ಯಾಸ್ತಕ್ಕೆ ಹೋಗಿ, ಮಾಸ್ಕ್ ಕೋಣೆಯಲ್ಲೇ ಇರಲಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಅದರಲ್ಲೂ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ. ಮುಂಗಾರು ಕೇರಳಕ್ಕಿಂತ ಮೊದಲೇ ಅಂಡಮಾನನ್ನು ಮುಟ್ಟುತ್ತದೆ, ಮೇ ಮಧ್ಯದ ಮೇಲೆ ಬೋಟ್ ಹೊರಡುವುದೇ ಅನುಮಾನ. ಒಳ್ಳೆಯ ಕಾಲದಲ್ಲೂ ಗಾಳಿ ಎದ್ದರೆ ಬೋಟ್ ನಿಲ್ಲಿಸುತ್ತಾರೆ. ಆದ್ದರಿಂದ ಸ್ನಾರ್ಕೆಲಿಂಗ್ ಅನ್ನು ಹ್ಯಾವ್‌ಲಾಕ್‌ನ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ, ಮೊದಲ ದಿನಕ್ಕೇ ಇಟ್ಟುಕೊಳ್ಳಿ.

2. ಮಾಸ್ಕ್ ನಿಮ್ಮದೇ ಇರಲಿ

ಬಾಡಿಗೆಗೆ ಎಲ್ಲವೂ ಸಿಗುತ್ತದೆ. ಆದರೂ ಮಾಸ್ಕ್ ಮತ್ತು ಕೊಳವೆ ನಿಮ್ಮದೇ ಇದ್ದರೆ ಅರ್ಧ ಕೆಲಸ ಮುಗಿದಂತೆ. ಹತ್ತಾರು ಜನ ಕಚ್ಚಿ ಬಿಟ್ಟ ಕೊಳವೆಯನ್ನು ಬಕೆಟ್ಟಿನ ನೀರಲ್ಲಿ ಅದ್ದಿ ಕೊಡುತ್ತಾರೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಒಬ್ಬರ ಮುಖಕ್ಕೆ ಕೂತದ್ದು ಇನ್ನೊಬ್ಬರ ಮುಖಕ್ಕೆ ಕೂರುವುದಿಲ್ಲ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಹಗುರವಾಗಿ ಇಟ್ಟುಕೊಂಡು, ಮೂಗಿನಿಂದ ಸ್ವಲ್ಪ ಉಸಿರೆಳೆದು ತಡೆಹಿಡಿಯಿರಿ. ಕೈಬಿಟ್ಟರೂ ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ಇದ್ದರೆ ಅದು ನಿಮ್ಮದು. ಜಾರಿದರೆ ಪಕ್ಕಕ್ಕಿಡಿ, ಎಷ್ಟೇ ಚೆಂದವಿರಲಿ. ಮುಖಕ್ಕೆ ತಾಗುವ ಅಂಚು ಮೆತ್ತನೆಯ ಸಿಲಿಕೋನ್ ಆಗಿರಬೇಕು, ಗಾಜು ಟೆಂಪರ್ಡ್ ಆಗಿರಬೇಕು. ಟೆಂಪರ್ಡ್ ಎಂದರೆ ಒಡೆದರೂ ಚೂಪು ಚೂರಾಗದ ಗಟ್ಟಿ ಗಾಜು. ಈಜುಕೊಳದ ಗಾಗಲ್ ಇದಕ್ಕೆ ಬದಲಿಯಾಗದು. ಅದರಲ್ಲಿ ಮೂಗು ಹೊರಗಿರುತ್ತದೆ, ಅಭ್ಯಾಸಬಲದಿಂದ ಒಂದು ಸಲ ಮೂಗಿನಲ್ಲಿ ಉಸಿರೆಳೆದರೆ ಮುಗಿಯಿತು.

ಮೀಸೆ ಇರುವವರಿಗೆ ಮೂಗಿನ ಕೆಳಗೆ ನೀರು ಜಿನುಗುವುದು ಸಹಜ. ಪೂರ್ತಿ ಬೋಳಿಸಬೇಕಿಲ್ಲ, ಮೂಗಿನ ಬುಡದಲ್ಲಿ ತೆಳುವಾಗಿ ಒಂದು ಗೆರೆಯಷ್ಟು ಕತ್ತರಿಸಿಕೊಂಡರೆ ಸಾಕು. ಕೂದಲ ಎಳೆ ಸಿಲಿಕೋನ್ ಅಂಚಿನ ಒಳಗೆ ಸಿಕ್ಕಿಕೊಂಡರೂ ಇದೇ ಕಥೆ. ಉದ್ದ ಕೂದಲಿದ್ದವರು ಜಡೆ ಹಾಕಿ, ಹಣೆಯ ಮೇಲಿನ ಕುರುಳನ್ನು ಹಿಂದಕ್ಕೆ ತಳ್ಳಿಕೊಳ್ಳಿ.

ಕನ್ನಡಕದವರಿಗೆ ಎರಡು ದಾರಿ. ಪವರ್ ಇರುವ ಸಿದ್ಧ ಗಾಜುಗಳ ಮಾಸ್ಕ್ ದೊರೆಯುತ್ತದೆ. ಸಮೀಪದೃಷ್ಟಿ, ಅಂದರೆ ಮೈನಸ್ ಪವರ್ ಇದ್ದವರಿಗೆ ಅರ್ಧರ್ಧ ಅಂಕದ ಅಂತರದಲ್ಲಿ ಸುಲಭವಾಗಿ ಸಿಗುತ್ತದೆ. ಪವರ್ ಸಣ್ಣದಾಗಿದ್ದರೆ ಏನೂ ಬೇಡ, ಏಕೆಂದರೆ ಚಪ್ಪಟೆ ಗಾಜಿನ ಮೂಲಕ ನೀರೊಳಗಿನ ವಸ್ತುಗಳು ಮೂರನೆಯ ಒಂದು ಪಾಲು ದೊಡ್ಡದಾಗಿ, ಕಾಲು ಭಾಗ ಹತ್ತಿರವಾಗಿ ಕಾಣುತ್ತವೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಇಳಿಯುವುದನ್ನು ನಾನು ಸೂಚಿಸುವುದಿಲ್ಲ, ನೀರು ನುಗ್ಗಿದರೆ ಲೆನ್ಸ್ ಹೋಗುತ್ತದೆ, ಕಣ್ಣಿಗೆ ಸೋಂಕೂ ತಗಲಬಹುದು. ಕನ್ನಡಕದ ಮೇಲೆಯೇ ಮಾಸ್ಕ್ ಹಾಕುವ ಸಾಹಸ ಮಾತ್ರ ಬೇಡ, ಕಡ್ಡಿಯ ಪಕ್ಕದಿಂದ ಸಮುದ್ರವೇ ಒಳಗೆ ಬರುತ್ತದೆ.

ಕೊಳವೆಯಲ್ಲಿ ಬಗೆಬಗೆ ಇವೆ. ‘ಡ್ರೈ ಸ್ನಾರ್ಕೆಲ್’ ಎಂದರೆ ತುದಿಯಲ್ಲಿ ಮುಚ್ಚಳವಿದ್ದು, ಅಲೆ ಬಂದಾಗ ಅದು ತಾನಾಗಿ ಮುಚ್ಚಿಕೊಳ್ಳುವ ಕೊಳವೆ. ಹೊಸಬರಿಗೆ ಅದೇ ವಾಸಿ. ಬುಡದಲ್ಲಿ ನೀರು ಹೊರಹೋಗುವ ಸಣ್ಣ ಕವಾಟವೂ ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಇಡೀ ಮುಖ ಮುಚ್ಚುವ ಮಾಸ್ಕ್. ಜಾಹೀರಾತಿನಲ್ಲಿ ಸೊಗಸಾಗಿ ಕಾಣುತ್ತದೆ, ಮೂಗಿನಿಂದಲೇ ಉಸಿರಾಡಬಹುದು ಎಂಬ ಆಮಿಷವೂ ಇದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ನೀರು ನುಗ್ಗಿದಾಗ ಬಾಯಿಯಿಂದ ಉಗಿದು ಬಿಡುವಂತಿಲ್ಲ, ಪಟ್ಟಿ ಬಿಡಿಸಿ ಮುಖದಿಂದಲೇ ಕಿತ್ತು ತೆಗೆಯಬೇಕು. ಕಳಪೆ ತಯಾರಿಕೆಯದ್ದರಲ್ಲಿ ಬಿಟ್ಟ ಉಸಿರೇ ಒಳಗೆ ಸುತ್ತುತ್ತಾ ತಲೆ ಭಾರವಾಗುತ್ತದೆ. ಮೊದಲ ಸಲಕ್ಕೆ ಬೇಡ.

ಫಿನ್ ಎಂದರೆ ಬಾತುಕೋಳಿಯ ಪಾದದಂತಹ ಈಜುಪಾದರಕ್ಷೆ. ಗೈಡ್ ಜೊತೆಗಿರುವಾಗ ಹೊಸಬರಿಗೆ ಅದರ ಅಗತ್ಯವಿಲ್ಲ, ಹವಳಕ್ಕೆ ಒದೆಯುವ ಸಂಭವವೇ ಹೆಚ್ಚು. ಅದರ ಬದಲು ಹಿಂಬದಿ ಪಟ್ಟಿಯಿರುವ ರಬ್ಬರ್ ಚಪ್ಪಲಿಯೋ ಹಳೆಯ ಕ್ಯಾನ್ವಾಸ್ ಶೂವೋ ಇರಲಿ, ದಡದಲ್ಲಿ ಸತ್ತ ಹವಳದ ತುಂಡುಗಳು ಬ್ಲೇಡಿನಂತೆ ಕೊಯ್ಯುತ್ತವೆ.

3. ಬಚ್ಚಲಿನ ಬಕೆಟ್ಟಿನಲ್ಲಿ ಅಭ್ಯಾಸ ಮಾಡಿ

ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯ ತೆಳು ಪೊರೆ ಇರುತ್ತದೆ. ಅದು ಹೋಗದೆ ಆವಿ ಕಟ್ಟುವುದು ನಿಲ್ಲುವುದಿಲ್ಲ. ಬಿಳಿ ಟೂತ್‌ಪೇಸ್ಟನ್ನು ಒಳಗಡೆ ಬೆರಳಿನಿಂದ ಎರಡು ಮೂರು ಬಾರಿ ಉಜ್ಜಿ ತೊಳೆಯಿರಿ. ಗಾಜಿಗೆ ಲೇಪನ ಇದ್ದರೆ ಮಾತ್ರ ಉಜ್ಜಬಾರದು, ಡಬ್ಬಿಯ ಮೇಲೆ ಬರೆದಿರುತ್ತಾರೆ, ಓದಿಕೊಳ್ಳಿ.

ಈಗ ದೊಡ್ಡ ಬಕೆಟ್ ಅಥವಾ ಅಗಲದ ಟಬ್ಬಿಗೆ ನೀರು ತುಂಬಿ ಸ್ಟೂಲಿನ ಮೇಲಿಡಿ.

ಮೊದಲು ಒಣ ನೆಲದಲ್ಲೇ ಮಾಸ್ಕ್ ಹಾಕಿ, ಕೊಳವೆ ಕಚ್ಚಿ, ಐದು ನಿಮಿಷ ಟಿ.ವಿ. ನೋಡಿ. ಮನೆಯವರು ನಗುತ್ತಾರೆ, ನಗಲಿ. ಕೊಳವೆಯನ್ನು ಕಚ್ಚುವ ತುದಿಯಲ್ಲಿರುವ ರಬ್ಬರಿನ ಎರಡು ಗುಬ್ಬಿಗಳನ್ನು ಹಲ್ಲಿನಿಂದ ಮೆಲ್ಲಗೆ ಹಿಡಿದು, ತುಟಿಯನ್ನು ಸುತ್ತ ಮುಚ್ಚಬೇಕು. ಬಿಗಿಯಾಗಿ ಕಚ್ಚಿದರೆ ಹತ್ತು ನಿಮಿಷಕ್ಕೆ ದವಡೆ ನೋಯುತ್ತದೆ.

ನಂತರ ಮುಖವನ್ನು ನೀರಿಗಿಡಿ. ಮೊದಲ ಒಂದೆರಡು ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತವೆ. ಆಗ ತಲೆ ಎತ್ತದೆ ಎಣಿಸಲು ಶುರು ಮಾಡಿ: ನಾಲ್ಕು ಎಣಿಸುವಷ್ಟು ಹೊತ್ತು ಎಳೆದುಕೊಳ್ಳುವುದು, ಆರು ಎಣಿಸುವಷ್ಟು ಹೊತ್ತು ಬಿಡುವುದು. ಹೀಗೇಕೆ ಎಂದು ತಿಳಿದರೆ ನಂಬಿಕೆ ಬರುತ್ತದೆ. ಸಾಮಾನ್ಯವಾಗಿ ನಾವು ಒಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ ಎಳೆಯುತ್ತೇವೆ. ಬಿಟ್ಟ ಉಸಿರಿನಲ್ಲಿ ನೂರು, ನೂರೈವತ್ತು ಮಿಲಿಲೀಟರಿನಷ್ಟು ಕೊಳವೆಯೊಳಗೇ ಉಳಿದು, ಮುಂದಿನ ಎಳೆತದಲ್ಲಿ ಮೊದಲು ಅದೇ ಒಳಗೆ ಬರುತ್ತದೆ. ಗಾಬರಿಯಲ್ಲಿ ನಾಯಿ ತೇಕಿದಂತೆ ಚಿಕ್ಕ ಚಿಕ್ಕ ಉಸಿರು ಎಳೆದರೆ ಆ ಹಳಸಿದ ಗಾಳಿಯೇ ಹಿಂದೆ ಮುಂದೆ ಓಡಾಡುತ್ತದೆ, ಹೊಸ ಗಾಳಿ ಎದೆಗೆ ಇಳಿಯುವುದೇ ಇಲ್ಲ. ಉಸಿರು ಸಾಲದು ಎಂದು ಇನ್ನಷ್ಟು ಬೇಗ ಎಳೆಯುತ್ತೀರಿ, ಇನ್ನಷ್ಟು ಸಾಲದಾಗುತ್ತದೆ. ಸಮುದ್ರದಲ್ಲಿ ‘ಉಸಿರು ಕಟ್ಟಿತು’ ಎಂದು ಎದ್ದು ನಿಲ್ಲುವವರಲ್ಲಿ ಹೆಚ್ಚಿನವರದು ಇದೇ ಪಾಡು. ಉದ್ದವಾಗಿ, ನಿಧಾನವಾಗಿ ಎಳೆದು ಪೂರ್ತಿ ಬಿಟ್ಟರೆ ಕೊಳವೆ ತೊಳೆದಂತಾಗುತ್ತದೆ.

ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ಕೊಳವೆಯನ್ನು ಎರಡು ಮೀಟರ್ ಉದ್ದ ಮಾಡಿದರೆ ಆಳಕ್ಕೆ ಹೋಗಬಹುದಲ್ಲವೇ? ಆಗದು. ಹಳಸಿದ ಗಾಳಿ ಅಷ್ಟೂ ಹೆಚ್ಚುತ್ತದೆ, ಜೊತೆಗೆ ಅಷ್ಟು ನೀರಿನ ಒತ್ತಡವನ್ನು ತಳ್ಳಿ ಎದೆ ಹಿಗ್ಗಲಾರದು.

ಕೊನೆಗೆ ನೀರು ಹೊರಹಾಕುವ ಅಭ್ಯಾಸ. ಬೇಕೆಂದೇ ಕೊಳವೆಯೊಳಗೆ ಒಂದು ಲೋಟ ನೀರು ಸುರಿಯಲು ಯಾರಿಗಾದರೂ ಹೇಳಿ. ಸೌದೆ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದ ಅಜ್ಜಿಯನ್ನು ನೋಡಿದ್ದರೆ ನೆನಪಿಸಿಕೊಳ್ಳಿ. ಹಾಗೆ ಒಂದೇ ಹೊಡೆತಕ್ಕೆ ‘ಟೂ’ ಎಂದು ಊದಬೇಕು. ಮೆಲ್ಲಗೆ ಊದಿದರೆ ಗುಳುಗುಳು ಎನ್ನುತ್ತದೆಯೇ ಹೊರತು ನೀರು ಮೇಲೇರುವುದಿಲ್ಲ. ಊದಿದ ಮೇಲಿನ ಮೊದಲ ಎಳೆತವನ್ನು ಮಾತ್ರ ಎಚ್ಚರದಿಂದ, ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಎಳೆಯಿರಿ. ಉಳಿದ ಹನಿ ಗಂಟಲಿಗೆ ಇಳಿಯದು.

ದಿನಕ್ಕೆ ಹತ್ತು ನಿಮಿಷದಂತೆ ನಾಲ್ಕು ದಿನ ಸಾಕು. ಹತ್ತಿರದ ಈಜುಕೊಳದಲ್ಲಿ ಕೊಳವೆಗೆ ಅನುಮತಿ ಕೊಟ್ಟರೆ ಒಂದು ಸಲ ಅಲ್ಲೂ ತೇಲಿ ನೋಡಿ. ಎಲ್ಲ ಕಡೆ ಬಿಡುವುದಿಲ್ಲ, ಮೊದಲೇ ಕೇಳಿಕೊಳ್ಳಿ.

4. ಪಂಚಾಂಗವನ್ನೂ ಗಡಿಯಾರವನ್ನೂ ನೋಡಿ

ಉಬ್ಬರ ಇಳಿತ ನೋಡದೆ ಹೊರಟವರೇ ಹೆಚ್ಚು ನಿರಾಶರಾಗುತ್ತಾರೆ. ಅಂಡಮಾನಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನವೂ ಹೊತ್ತು ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಇಳಿತ ಪೂರ್ತಿಯಾದಾಗ ಹವಳಕ್ಕೂ ನಿಮ್ಮ ಹೊಟ್ಟೆಗೂ ಒಂದು ಗೇಣು ಅಂತರವೂ ಉಳಿಯದು, ಗೀರಿಕೊಳ್ಳುತ್ತೀರಿ. ಉಬ್ಬರ ಏರುತ್ತಿರುವಾಗ, ತುದಿ ಮುಟ್ಟುವ ಒಂದು ಗಂಟೆ ಮೊದಲು ಇಳಿದರೆ ನೀರು ತಿಳಿಯಾಗಿಯೂ ಇರುತ್ತದೆ, ಸೆಳೆತವೂ ಕಡಿಮೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಸುತ್ತಮುತ್ತ ಸೌಮ್ಯ. ರಜೆ ಹಾಕುವ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಂಡರೆ ನಷ್ಟವೇನಿಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಹೊಳೆಯುವುದಿಲ್ಲ. ಅಂಡಮಾನ್ ಇರುವುದು ಸುಮಾರು 93 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಗಡಿಯಾರ ಮಾತ್ರ ನಮ್ಮದೇ. ಹಾಗಾಗಿ ಚಳಿಗಾಲದಲ್ಲಿ ಸಂಜೆ ಐದರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನೆ. ಬೆಂಗಳೂರಿನ ಲೆಕ್ಕದಲ್ಲಿ ಹನ್ನೊಂದಕ್ಕೆ ತಿಂಡಿ ಮುಗಿಸಿ ಹೊರಟರೆ ಅರ್ಧ ದಿನ ಹೋಗಿರುತ್ತದೆ. ಬೆಳಗಿನ ಮೊದಲ ಬೋಟ್ ಹಿಡಿಯಿರಿ. ಗಾಳಿಯೂ ಎದ್ದಿರುವುದಿಲ್ಲ, ಇತರರು ತಳದ ಮರಳನ್ನು ಕೆದಕಿಯೂ ಇರುವುದಿಲ್ಲ.

5. ಬೋಟ್ ಹತ್ತುವ ಮೊದಲು

ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಉಬ್ಬಸ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಊರಿನಲ್ಲೇ ವೈದ್ಯರನ್ನು ಕೇಳಿ. ದಡದಲ್ಲಿ ತುಂಬಿಸಿಕೊಳ್ಳುವ ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. ಹಿಂದಿನ ರಾತ್ರಿ ಮದ್ಯ ಬೇಡ. ತಿಂಡಿ ಎರಡು ಇಡ್ಲಿಯಷ್ಟಿರಲಿ. ಪೂರಿ ಸಾಗು ತಿಂದು ಬೋರಲು ಮಲಗಿ ಅಲೆಯ ಮೇಲೆ ತೂಗಾಡಿದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಬೋಟಿನಲ್ಲಿ ವಾಂತಿಯಾಗುವವರು ಮಾತ್ರೆಯನ್ನು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಅದು ತೂಕಡಿಕೆ ತರುವಂಥದ್ದೇ ಎಂದು ಔಷಧ ಅಂಗಡಿಯಲ್ಲಿ ಕೇಳಿ.

ಬಟ್ಟೆ: ಜೀನ್ಸ್, ಚೂಡಿದಾರ್, ದುಪ್ಪಟ್ಟಾ ನೀರಿನಲ್ಲಿ ಕಲ್ಲಿನಂತಾಗುತ್ತವೆ, ಕಾಲಿಗೆ ಸುತ್ತಿಕೊಳ್ಳುತ್ತವೆ. ತುಂಬುತೋಳಿನ ಈಜು ಅಂಗಿ, ಕಣಕಾಲಿನವರೆಗಿನ ಲೆಗ್ಗಿಂಗ್ ಒಳ್ಳೆಯದು. ಮೈ ಮುಚ್ಚುತ್ತದೆ ಎಂಬ ಸಮಾಧಾನವೂ ಆಯಿತು, ಬಿಸಿಲಿನಿಂದ ರಕ್ಷಣೆಯೂ ಆಯಿತು. ನೀರು ತಂಪಾಗಿರುವುದರಿಂದ ಬೆನ್ನು ಸುಡುವುದು ಆಗ ಗೊತ್ತಾಗುವುದಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಗೊತ್ತಾಗುತ್ತದೆ. ಕತ್ತಿನ ಹಿಂಭಾಗ ಮತ್ತು ಮೊಣಕಾಲ ಹಿಂದೆ ಸನ್‌ಸ್ಕ್ರೀನ್ ಹಚ್ಚಿ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಹಾನಿ ಎಂದು ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟ ನಿಷೇಧಿಸಿದ್ದಾರೆ. ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ. ಹಣೆಗೆ ಮಾತ್ರ ಬೇಡ, ಕರಗಿ ಕಣ್ಣಿಗಿಳಿದರೆ ಉರಿ ತಡೆಯಲಾಗದು.

ಲೈಫ್ ಜಾಕೆಟ್ ಹಾಕಿಕೊಂಡಾಗ ಎಲ್ಲ ಬಕಲ್ ಹಾಕಿ, ಕಾಲುಗಳ ನಡುವಿನ ಪಟ್ಟಿಯನ್ನೂ ಸೇರಿಸಿ. ನನ್ನ ಮೊದಲ ಸಲ ಆ ಪಟ್ಟಿಯನ್ನು ಮುಜುಗರದಿಂದ ಹಾಗೇ ಬಿಟ್ಟಿದ್ದೆ. ನೀರಿಗಿಳಿದ ಕೂಡಲೇ ಜಾಕೆಟ್ ಕಿವಿಯವರೆಗೆ ಏರಿತು, ನಾನು ಚಿಪ್ಪಿನೊಳಗಿನ ಆಮೆಯಾದೆ.

ಗೈಡ್‌ಗಳಿಗೆ ಹಿಂದಿ, ಬಂಗಾಳಿ ಬರುತ್ತದೆ, ಎಷ್ಟೋ ಜನಕ್ಕೆ ತಮಿಳೂ ಬರುತ್ತದೆ. ಇಳಿಯುವ ಮೊದಲು ಮೂರು ಮಾತು ಆಡಿಕೊಳ್ಳಿ: ನಿಮಗೆ ಈಜು ಬರುತ್ತದೋ ಇಲ್ಲವೋ, ಎಷ್ಟು ನಿಮಿಷ, ಸನ್ನೆ ಯಾವುದು. ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ‘ಚೆನ್ನಾಗಿದ್ದೇನೆ’ ಎಂದರ್ಥ. ಹೆಬ್ಬೆರಳು ಎತ್ತಿ ತೋರಿಸಿದರೆ ಮುಳುಗುಗಾರರ ಭಾಷೆಯಲ್ಲಿ ‘ಮೇಲೆ ಹೋಗೋಣ’ ಎಂದು. ಖುಷಿಯಿಂದ ಹೆಬ್ಬೆರಳೆತ್ತಿದವರನ್ನು ಗೈಡ್ ಬೋಟಿಗೆ ವಾಪಸ್ ಕರೆತಂದದ್ದುಂಟು.

6. ನೀರಿಗೆ ಇಳಿಯುವುದು

ಮಾಸ್ಕಿನ ಒಳಗೆ ಉಗುಳಿ, ಬೆರಳಿನಿಂದ ಹರಡಿ, ಸಮುದ್ರದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಆವಿ ಕಟ್ಟದಿರಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ. ಮಡಿವಂತರು ಒಂದು ಹನಿ ಮಕ್ಕಳ ಶಾಂಪೂ ಬಳಸಬಹುದು. ಪಟ್ಟಿ ಕಿವಿಯ ಮೇಲ್ಗಡೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಬೇಕು. ಸೋರಿದರೆ ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ಬಿಗಿಯಾದಷ್ಟೂ ಅಂಚು ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಸಡಿಲಿಸಿ, ಕೂದಲು ತೆಗೆದು, ಮತ್ತೆ ಕೂರಿಸಿ.

ಸೊಂಟಮಟ್ಟದ ನೀರಿನಲ್ಲಿ ನಿಂತು, ಬಗ್ಗಿ, ಮುಖ ಮಾತ್ರ ಇಟ್ಟು, ಬಕೆಟ್ಟಿನ ಎಣಿಕೆ ಶುರು ಮಾಡಿ. ಹತ್ತು ಉಸಿರಾದ ಮೇಲೆ ಮೊಣಕಾಲು ಮಡಿಸಿ, ಕಾಲನ್ನು ತಾನಾಗಿ ತೇಲಲು ಬಿಡಿ. ಉಪ್ಪುನೀರು ಮೈಯನ್ನು ಎತ್ತುತ್ತದೆ, ಜಾಕೆಟ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ದೃಷ್ಟಿ ನೇರ ಕೆಳಗಿರಲಿ. ಮುಂದೆ ನೋಡಲು ತಲೆ ಎತ್ತಿದರೆ ಕೊಳವೆಯ ತುದಿ ಹಿಂದಕ್ಕೆ ವಾಲಿ ಮುಳುಗುತ್ತದೆ, ಆಗಲೇ ನೀರು ಕುಡಿಯುವುದು. ಕೈ ಬಡಿಯಬೇಡಿ, ಎದೆಯ ಮೇಲೆ ಕಟ್ಟಿಕೊಳ್ಳಿ ಅಥವಾ ಗೈಡ್ ಕೊಟ್ಟ ತೇಲುಬಳೆಯನ್ನು ಹಿಡಿಯಿರಿ. ಮೊಬೈಲ್ ದಡದಲ್ಲಿರಲಿ. ಕೊರಳಿನ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಹುಡುಕುತ್ತಾ ಇರುವ ಹೊತ್ತಿನಲ್ಲಿ ಆಮೆ ದಾಟಿ ಹೋಗಿರುತ್ತದೆ.

ಮಾಸ್ಕಿಗೆ ಒಂದಿಷ್ಟು ನೀರು ಬಂದರೆ ಕಿತ್ತೆಸೆಯಬೇಡಿ. ತಲೆ ಮೇಲಕ್ಕೆತ್ತಿ, ಕೆಳಗಿನ ಅಂಚನ್ನು ಒಂದು ಬೆರಳಿನಷ್ಟು ಸರಿಸಿದರೆ ಸುರಿದು ಹೋಗುತ್ತದೆ. ಅಂದಹಾಗೆ, ಮೀನು ಕಂಡು ನಗಬೇಡಿ. ನಕ್ಕಾಗ ಕೆನ್ನೆಯಲ್ಲಿ ಗೆರೆ ಬಿದ್ದು ಅಲ್ಲಿಂದಲೇ ನೀರು ಒಳಬರುತ್ತದೆ.

ಉಸಿರು ಹಿಡಿದು ಕೆಳಕ್ಕೆ ಡೈವ್ ಹೊಡೆಯುವುದು ಈ ಪಾಠದಲ್ಲಿಲ್ಲ. ಒಂದು ಎಚ್ಚರಿಕೆ ಮಾತ್ರ: ಹೆಚ್ಚು ಹೊತ್ತು ಮುಳುಗಿರಲು ಮೊದಲು ಬೇಗಬೇಗನೆ ಹತ್ತಾರು ಉಸಿರೆಳೆದುಕೊಳ್ಳುವ ಹುಡುಗಾಟ ಪ್ರಾಣಕ್ಕೆ ಎರವು. ಉಸಿರು ಬೇಕೆಂಬ ಸೂಚನೆಯೇ ಬಾರದೆ ನೀರೊಳಗೆ ಪ್ರಜ್ಞೆ ತಪ್ಪುತ್ತದೆ, ಒಳ್ಳೆಯ ಈಜುಗಾರರಿಗೂ.

7. ನೋಡಿ, ಕೇಳಿ, ಮುಟ್ಟಬೇಡಿ

ಗಾಬರಿ ಇಳಿದ ಮೇಲೆ ಮೊದಲು ಗಮನಕ್ಕೆ ಬರುವುದು ಸದ್ದು. ದೂರದಲ್ಲೆಲ್ಲೋ ಒಗ್ಗರಣೆ ಸಿಡಿಯುತ್ತಿರುವಂತೆ ನಿಲ್ಲದ ಚಟಪಟ. ಅದು ಹವಳದ ಸಂದಿಯಲ್ಲಿರುವ ಪುಟ್ಟ ಸೀಗಡಿಗಳು ಕೊಂಡಿ ಚಿಟಕಿಸುವ ಸದ್ದು. ಅದರ ಮೇಲೆ ಹುರಿಗಡಲೆ ಕಡಿದಂತೆ ಕರಕರ ಕೇಳಿದರೆ ಸುತ್ತ ನೋಡಿ, ನೀಲಿ ಹಸಿರು ಬಣ್ಣದ ಗಿಳಿಮೀನು ಹವಳವನ್ನು ಕೊಕ್ಕಿನಂತಹ ಹಲ್ಲಿನಿಂದ ಕೆರೆಯುತ್ತಿರುತ್ತದೆ. ಅದು ಮೇಯುವುದು ಪಾಚಿ, ನುಂಗಿದ ಹವಳದ ಪುಡಿಯನ್ನು ಮರಳಾಗಿ ವಿಸರ್ಜಿಸುತ್ತದೆ. ನೀವು ಕಾಲೂರಿದ ಬಿಳಿ ಮರಳಿನಲ್ಲಿ ಅದರ ಪಾಲೂ ಇದೆ.

ಒಂದೇ ಕಡೆ ಎರಡು ನಿಮಿಷ ತೇಲಿದರೆ ಇಪ್ಪತ್ತು ಮೀಟರ್ ಈಜಿದ್ದಕ್ಕಿಂತ ಹೆಚ್ಚು ಕಾಣುತ್ತದೆ. ಅಡಗಿದ್ದ ಮೀನುಗಳು ಒಂದೊಂದಾಗಿ ಹೊರಬರುತ್ತವೆ. ಗೈಡ್ ಎಳೆಯುತ್ತಿದ್ದರೆ ‘ಧೀರೇ’ ಎನ್ನಿ, ನಿಲ್ಲಿಸಿ.

ಟಿ.ವಿ.ಯ ಬಣ್ಣಗಳನ್ನು ನಿರೀಕ್ಷಿಸಬೇಡಿ. ಕೆಂಪು ಬಣ್ಣ ನೀರಿನಲ್ಲಿ ಬೇಗ ಮಸುಕಾಗುತ್ತದೆ. ಅದಲ್ಲದೆ 2010 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಅಂಡಮಾನಿನ ಹವಳ ಬಿಳಚಿಕೊಂಡಿತ್ತು. ಹವಳದೊಳಗೆ ಬದುಕಿ ಅದಕ್ಕೆ ಆಹಾರವನ್ನೂ ಬಣ್ಣವನ್ನೂ ಕೊಡುವ ಸೂಕ್ಷ್ಮ ಪಾಚಿ ಬಿಸಿಗೆ ಹೊರಬೀಳುವುದನ್ನೇ ಬಿಳಚುವಿಕೆ ಎನ್ನುತ್ತಾರೆ. ಕೆಲವೆಡೆ ಬೂದುಬಣ್ಣದ ಸತ್ತ ಕೊಂಬೆಗಳೇ ಕಾಣುತ್ತವೆ. ಹವಳ ಕಲ್ಲಿನಂತೆ ಕಂಡರೂ ಜೀವಿ. ಅದರ ಮೇಲೆ ನಿಂತರೆ ಸಾಯುತ್ತದೆ. ನಿಲ್ಲಬೇಕಾದಾಗ ಮರಳು ಹುಡುಕಿ.

ಫೋಟೊಕ್ಕೆ ಮೀನು ಮುತ್ತಲಿ ಎಂದು ಕೆಲವು ಕಡೆ ಬ್ರೆಡ್ ಚೂರು ಹಾಕುತ್ತಾರೆ. ಬೇಡವೆನ್ನಿ. ಚಿಪ್ಪು, ಹವಳದ ತುಂಡು ಜೇಬಿಗೆ ಹಾಕಿಕೊಳ್ಳಬೇಡಿ, ದಡದಲ್ಲಿ ಬಿದ್ದ ಸತ್ತದ್ದನ್ನೂ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ. ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುತ್ತಾರೆ.

8. ತೊಂದರೆ ಬಂದರೆ

ಕಾರಣವಿಲ್ಲದೆ ಏದುಸಿರು, ಎದೆ ಬಿಗಿತ, ಕೈಕಾಲು ಸೋತಂತೆ ಆದರೆ ‘ಇನ್ನೆರಡು ನಿಮಿಷ’ ಎನ್ನದೆ ಕೊಳವೆ ಉಗಿದು, ಅಂಗಾತನಾಗಿ ತಿರುಗಿ, ಕೈಯೆತ್ತಿ ಗೈಡನ್ನು ಕರೆದು, ನೀರಿನಿಂದ ಹೊರಗೆ ಬನ್ನಿ. ಐವತ್ತು ದಾಟಿದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಸೆಳೆತ ಆಳಕ್ಕೆ ಎಳೆದರೆ ಅದಕ್ಕೆದುರಾಗಿ ಹೋರಾಡಬೇಡಿ. ತೇಲುತ್ತಾ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ.

ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಮರಳು ಹಚ್ಚಬೇಡಿ, ಕುಡಿಯುವ ನೀರು ಸುರಿಯಬೇಡಿ. ಸಿಹಿನೀರು ತಾಗಿದರೆ ಚರ್ಮಕ್ಕೆ ಅಂಟಿದ ವಿಷಕೋಶಗಳು ಇನ್ನಷ್ಟು ಸಿಡಿಯುತ್ತವೆ. ಸಮುದ್ರದ ನೀರಿನಿಂದಲೇ ತೊಳೆಯಿರಿ. ಮೂತ್ರ ಹಾಕುವುದು ಕಟ್ಟುಕಥೆ. ಕಪ್ಪು ಮುಳ್ಳಿನ ಚೆಂಡಿನಂತಿರುವ ಸೀ ಅರ್ಚಿನ್ ಚುಚ್ಚಿದರೆ ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟುಕೊಳ್ಳುವುದು ನೋವಿಗೆ ಒಳ್ಳೆಯದು. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಬಾತರೆ ಆಸ್ಪತ್ರೆಗೆ ಓಡಿ.

ಮೊಸಳೆಯ ಮಾತನ್ನು ಹೋಟೆಲಿನವರು ತೆಗೆಯುವುದಿಲ್ಲ, ನಾನು ತೆಗೆಯುತ್ತೇನೆ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ವಿದೇಶಿ ಮಹಿಳೆಯೊಬ್ಬರು ಅದಕ್ಕೆ ಬಲಿಯಾದರು. ಇಂಥದ್ದು ಅಪರೂಪ. ಆದರೂ ಎಚ್ಚರಿಕೆಯ ಫಲಕವಿರುವಲ್ಲಿ, ಹಳ್ಳ ಸೇರುವ ಜಾಗದಲ್ಲಿ, ಮ್ಯಾಂಗ್ರೋವ್ ಕಾಡಿನ ಅಂಚಿನಲ್ಲಿ, ಮುಸ್ಸಂಜೆಯಲ್ಲಿ ಇಳಿಯಬೇಡಿ. ಅನುಮತಿ ಇರುವ ಬೀಚು, ಜೀವರಕ್ಷಕರು ಇರುವ ಹೊತ್ತು, ಇಷ್ಟನ್ನು ದಾಟದಿರಿ.

9. ಮುಗಿದ ಮೇಲೆ

ಮಾಸ್ಕ್, ಕೊಳವೆಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲು ಸಿಲಿಕೋನನ್ನು ಕೆಡಿಸುತ್ತದೆ. ಕಿವಿಯಲ್ಲಿ ನೀರು ನಿಂತರೆ ತಲೆ ವಾಲಿಸಿ ಬಸಿಯಿರಿ, ಕಡ್ಡಿ ಹಾಕಬೇಡಿ.

ರುಚಿ ಹತ್ತಿದವರು ಮುಂದಿನದನ್ನು ಕೇಳುತ್ತಾರೆ: ನಮ್ಮ ನೇತ್ರಾಣಿಯಲ್ಲಿ ಮಾಡಬಹುದಲ್ಲ? ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಆ ದ್ವೀಪದ ಸುತ್ತ ಮೀನಿನ ಸಂತೆಯೇ ಇದೆ. ಆದರೆ ಅಲ್ಲಿ ದಡವಿಲ್ಲ. ಒಂದೂವರೆ ಗಂಟೆಗೂ ಮಿಕ್ಕಿದ ಬೋಟ್ ಪ್ರಯಾಣ, ನಂತರ ತೆರೆದ ಕಡಲಿನಲ್ಲಿ ಬೋಟಿನಿಂದಲೇ ನೀರಿಗೆ. ಕಾಲಿಗೆ ನೆಲ ಸಿಗದು. ಆದ್ದರಿಂದ ಅದು ಎರಡನೆಯ ಸಲಕ್ಕೆ, ಮಳೆಗಾಲ ಕಳೆದ ಮೇಲೆ. ಅಷ್ಟರೊಳಗೆ ಊರಿನ ಈಜುಕೊಳಕ್ಕೆ ಸೇರಿ ಇಪ್ಪತ್ತೈದು ಮೀಟರ್ ನಿಲ್ಲದೆ ಈಜುವಷ್ಟು ಕಲಿತುಕೊಳ್ಳಿ. ಬಕೆಟ್ಟನ್ನು ಬಚ್ಚಲಿಗೆ ಹಿಂದಿರುಗಿಸಬಹುದು.